ಅವ್ವ ಹೇಳಿದಳೆಂಬ ಮಾತು

ಗುಂಡ್ಲುಪೇಟೆ
೧೦ ಜೂನ್ ೨೦೨೪, ಸೋಮವಾರ

ಬೇಗೂರಿನ ಪ್ರಿಯಾಂಕಳಿಗೆ ಉಡಿಗಾಲದ ಭಾನು ಬರೆಯುವುದು.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಹೇಗಿದ್ದೀಯ ಎಂದು ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊನ್ನೆ ಶುಕ್ರವಾರ ನೀನು ನನ್ನ ತಂಗಿಯ ಫೋನಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಅವಳು ನನಗೆ ಕಳಿಸಿದಳು. ನನ್ನ ಫೋನಿನಲ್ಲಿ ನಿನ್ನನ್ನು ಬ್ಲಾಕ್ ಮಾಡಿದ್ದೇನೆ ಎಂದು ಗೊತ್ತಾಗಿ ಈ ದಾರಿ ಹಿಡಿದೆ ಅಂದುಕೊಳ್ಳುತ್ತೇನೆ. ಅಳುತ್ತಾ ಮಾತಾಡಿದ್ದೀಯ. "ನಿಮ್ಮವ್ವನ ಕೈಲಿ ಒಂದೇ ಒಂದ್ ಮಾತು ಯೋಳಿಸ್ಬುಡು ಕಣೆ ಭಾನು. ಮಲ್ಲೇಶ್ ಸರ್ ಕೇಳುದ್ರೆ, ಊ ನಾನೇ ಹಾಕ್ಕೊ ಅಂದೆ, ಅನ್ಲಿ ಸಾಕು. ಇಲ್ದಿದ್ರೆ ನನ್ ಕೆಲ್ಸ ಓಯ್ತದೆ, ಆಷಾಢ ಕಳೀತಿದ್ದಂಗೆ ನಮ್ಮಪ್ಪ ಮದ್ವೆ ಮಾಡ್ಬುಡ್ತನೆ" ಎಂದಿದ್ದೀಯ. ಅದನ್ನು ಎರಡು ಸಲ ಕೇಳಿದೆ. ಅಳು ನಿಜವಾದದ್ದೇ. ನಿನ್ನ ಅಳು ನನಗೆ ಗೊತ್ತು.

ಉತ್ತರವನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಧ್ವನಿಯನ್ನು ನಿನ್ನ ಕೈಗೆ ಕೊಡಲು ನನಗೆ ಭಯ. ಕಾಗದವನ್ನು ಕತ್ತರಿಸಿ ಅಂಟಿಸಿದರೆ ಗುರುತಾದರೂ ಉಳಿಯುತ್ತದೆ.

ರೇಡಿಯೊದಲ್ಲಿ ಅವ್ವನ ಕಾರ್ಯಕ್ರಮ ಪ್ರಸಾರವಾದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ. ನೀನು ಕೇಳಲೂ ಇಲ್ಲ. ಕೆಲಸ ಉಳಿಸಿಕೊಡು ಎನ್ನುವ ಮೊದಲು ಅದು ನಿನಗೆ ಗೊತ್ತಿರಬೇಕು. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ, ನಾವು ಗೆಳತಿಯರಾಗಿದ್ದ ಕಾಲದಿಂದ.

ಆರನೇ ಸೆಮಿಸ್ಟರಿನಲ್ಲಿ ಎಲ್ಲರೂ ಇಂಟರ್ನ್‌ಶಿಪ್ ಮಾಡಲೇಬೇಕು ಎಂದು ಕಾಲೇಜಿನಲ್ಲಿ ಹೇಳಿದ ದಿನ ನೆನಪಿದೆಯಾ? ಮೇಡಂ ಒಂದೊಂದೇ ಜಾಗದ ಹೆಸರು ಓದುತ್ತಿದ್ದರು. ಸೈನ್ಸಿನವರಿಗೆ ಆಸ್ಪತ್ರೆಯ ಲ್ಯಾಬು, ಮಣ್ಣು ಪರೀಕ್ಷೆ ಕೇಂದ್ರ. ಕಾಮರ್ಸಿನವರಿಗೆ ಸೊಸೈಟಿ, ಆಡಿಟರ್ ಆಫೀಸು. ಮಾದೇಶ್ ಕಾಡಂಚಿನ ರೆಸಾರ್ಟು ಬೇಕೆಂದು ಹೆಸರು ಮುಗಿಯುವ ಮೊದಲೇ ಕೈಯೆತ್ತಿದ್ದ. ಬಿ.ಎ. ಓದಿದವರನ್ನು ಯಾರು ಕರೆಯುತ್ತಾರೆ ಎಂದು ಹಿಂದಿನ ಬೆಂಚಿನವರು ನಗುತ್ತಿರುವಾಗ ಮೇಡಂ "ಕೊರಳು ಸಮುದಾಯ ರೇಡಿಯೊ, ಇಬ್ಬರು" ಎಂದರು. ನೀನು ನನ್ನ ಕೈ ಹಿಡಿದು ಎರಡೂ ಕೈಗಳನ್ನು ಒಟ್ಟಿಗೆ ಮೇಲೆತ್ತಿದೆ. ನಾನು ಗುಂಡ್ಲುಪೇಟೆಯ ವಕೀಲರ ಆಫೀಸಿಗೆ ಹೋಗಬೇಕೆಂದಿದ್ದವಳು. ಇಲ್ಲಿ ಅತ್ತೆಯ ಮನೆಯಿದೆ, ಊಟ ವಸತಿಗೆ ಯೋಚನೆಯಿಲ್ಲ. ನೀನು ಎತ್ತಿದ ಕೈಯನ್ನು ಇಳಿಸಲು ಮನಸ್ಸು ಬರಲಿಲ್ಲ.

ಕೊರಳಿನ ಮೊದಲ ವಾರಗಳು ಎಷ್ಟು ಚೆನ್ನಾಗಿದ್ದವು. ಮೊಟ್ಟೆಯ ಟ್ರೇ ಅಂಟಿಸಿದ ಗೋಡೆ, ಒಂದೇ ಫ್ಯಾನು, ರೆಕಾರ್ಡಿಂಗ್ ಶುರುವಾದರೆ ಅದನ್ನೂ ಆರಿಸಬೇಕು. ಕೇಂದ್ರ ನಡೆಸುವ ಮಲ್ಲೇಶ್ ಸರ್ ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ, ಮಾತು ಪರದೆಯ ಮೇಲೆ ಬೆಟ್ಟಗುಡ್ಡದ ಹಾಗೆ ಕಾಣುವುದನ್ನು ತೋರಿಸಿದರು. ಕೆಮ್ಮಿದ್ದನ್ನು ಎಲ್ಲಿ ಕತ್ತರಿಸಬೇಕು, ಉಸಿರನ್ನು ಯಾಕೆ ಕತ್ತರಿಸಬಾರದು, ಒಂದು ಮಾತಿನ ಬಾಲಕ್ಕೆ ಇನ್ನೊಂದು ಮಾತಿನ ತಲೆಯನ್ನು ಜೋಡಿಸಿದರೆ ಹೇಗೆ ಯಾರಿಗೂ ತಿಳಿಯುವುದಿಲ್ಲ ಎಂದು ಕಲಿಸಿದರು. ನೀನು ನನಗಿಂತ ಬೇಗ ಕಲಿತೆ. ಇಬ್ಬರಲ್ಲಿ ಒಬ್ಬರನ್ನು ಪರೀಕ್ಷೆಯ ನಂತರ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಅವರು ಹೇಳಿದ ಸಂಜೆ, ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿ ತಿನ್ನುತ್ತಾ ನಾನು "ಅದು ನಿನಗೇ ಆಗಲಿ ಕಣೆ, ನಾನು ಬಿ.ಎಡ್. ಮಾಡ್ತೀನಿ" ಎಂದಿದ್ದೆ. ಬಾಯಿಮಾತಿಗೆ ಹೇಳಿದ್ದಲ್ಲ. ನಿಮ್ಮಪ್ಪ ನಿನಗೆ ಗಂಡು ನೋಡುತ್ತಿರುವುದು, ಕೆಲಸ ಸಿಕ್ಕಿದರೆ ಮಾತ್ರ ಒಂದು ವರ್ಷ ಬಿಡುತ್ತೇನೆ ಎಂದಿರುವುದು ಎಲ್ಲ ನನಗೆ ಗೊತ್ತಿತ್ತು.

ಸೋಬಾನೆ ಪದಗಳ ಕಾರ್ಯಕ್ರಮಕ್ಕೆ ನಮ್ಮವ್ವನನ್ನು ಹಾಡಿಸೋಣ ಎಂದವಳು ನಾನೇ. ಸುತ್ತಮುತ್ತ ಯಾವ ಊರಿನಲ್ಲಿ ಮದುವೆಯಾದರೂ ಶಿವಲಕ್ಷ್ಮಿ ಬರಲಿಲ್ಲವಾ ಎಂದು ಕೇಳುತ್ತಾರೆ. ಅವ್ವನ ಕೊರಳು ಅಂಥದ್ದು, ಬಾಗಿಲ ಹಿಂದೆ ನಿಂತು ಒಂದು ಸೊಲ್ಲು ಎತ್ತಿದರೂ ಇವಳೇ ಎಂದು ಹೇಳಿಬಿಡಬಹುದು. ನೀನು ಬಂದದ್ದು ಅವ್ವನಿಗೆ ಹಬ್ಬವಾಗಿತ್ತು. ಬೇಗೂರು ಅವಳ ತವರು. "ನಮ್ಮೂರ್ ಕೂಸು" ಎಂದು ನಿನ್ನ ಗಲ್ಲ ಹಿಡಿದಳು. ನೀನೂ ಆಂಟಿ ಎನ್ನದೆ ಅವ್ವ ಎಂದೇ ಕರೆದೆ.

ಅಂಗಳದಲ್ಲಿ ಹಾಡಿದ್ದು ನಿನಗೆ ನೆನಪಿರಬೇಕು. ಅಜ್ಜಿ ಜಗಲಿಯ ಮೇಲೆ ಕೂತಿತ್ತು. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಕರು ಕೊರಳ ಗಂಟೆ ಅಲ್ಲಾಡಿಸುತ್ತಿತ್ತು, ಅದನ್ನು ಆಚೆ ಕಟ್ಟು ಎಂದು ನೀನು ಎರಡು ಸಲ ನನಗೆ ಸನ್ನೆ ಮಾಡಿದೆ, ನಾನು ಕಟ್ಟಲಿಲ್ಲ. ಕೊನೆಗೆ ಅವ್ವ ಬೀಗರನ್ನು ಹಾಸ್ಯ ಮಾಡುವ ಪದ ಹಾಡಿದಳು. ಅದರಲ್ಲಿ ಸ್ವಲ್ಪ ಪೋಲಿ ಮಾತು ಇದೆ. ನೀನು ನಗುತ್ತಾ, ಇದನ್ನೂ ರೇಡಿಯೊದಲ್ಲಿ ಹಾಕಬಹುದಾ ಅವ್ವಾ ಎಂದು ಕೇಳಿದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಹಾಕ್ಕಳಿ ಬುಡಿ, ಎಲ್ಲಾರೂ ಕೇಳ್ಲಿ. ನಂಗ್ಯಾಕೆ ನಾಚ್ಕೆ?" ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಪ್ರಿಯಾಂಕ, ಆ ಮಾತು ಹುಟ್ಟಿದ್ದು ಅಂಗಳದಲ್ಲಿ. ಅದು ನನಗೆ ಗೊತ್ತು, ನಿನಗೂ ಗೊತ್ತು.

ಆಮೇಲೆ ಅಡಿಗೆಮನೆಯಲ್ಲಿ ಮೂವರೇ ಊಟಕ್ಕೆ ಕೂತೆವು. ನೀನು ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದೆ. ಯಾಕ್ ಕೂಸೆ ಎಂದು ಅವ್ವ ಕೇಳಿದ್ದೇ ತಡ, ನಿನಗೆ ಅಳು ಬಂತು. ಗಂಡು ನೋಡಿಹೋದ ವಿಷಯ, ನಿಮ್ಮಕ್ಕ ಮೂರು ಹೆಣ್ಣಾದ ಮೇಲೂ ಗಂಡಿಗೋಸ್ಕರ ಮತ್ತೆ ಬಸುರಾಗಿ ಸೊರಗಿರುವ ವಿಷಯ ಎಲ್ಲವನ್ನೂ ಹೇಳಿದೆ. ನನ್ನ ಗತಿಯೂ ಅದೇ ಅವ್ವಾ ಎಂದೆ. ಅವ್ವ ಎದ್ದು ಬಾಗಿಲಾಚೆ ಇಣುಕಿ ನೋಡಿದಳು. ಅಜ್ಜಿ ಮಲಗಿತ್ತು. ನಿನ್ನ ಮಗ್ಗುಲಿಗೆ ಬಂದು ಕೂತು, ರೆಕಾರ್ಡರಿನ ಕಡೆ ಕೈ ತೋರಿಸಿ, "ಅದ್ನ ಆಪ್ ಮಾಡಿದ್ದೀಯಾ ಕಣಮ್ಮಿ?" ಎಂದು ಕೇಳಿದಳು. ನೀನು ಮೂಗು ಒರೆಸಿಕೊಳ್ಳುತ್ತಾ "ಊ ಅವ್ವಾ, ಆಗ್ಲೇ ಆಫ್ ಆಗ್ಯದೆ" ಎಂದೆ.

ಆಗ ಅವ್ವ ಹೇಳಿದಳು. ನನ್ನ ಇಪ್ಪತ್ತೊಂದು ವರ್ಷದಲ್ಲಿ ನನಗೂ ಹೇಳಿರದಿದ್ದ ಮಾತನ್ನು ನಿನ್ನ ಕಣ್ಣೀರು ಒರೆಸಲೆಂದು ಹೇಳಿದಳು. "ನಮ್ಮಕ್ಕ ಗಂಡು ಗಂಡು ಅನ್ಕಂಡು ಐದ್ನೇದ್ರಲ್ಲಿ ಓಗ್ಬುಟ್ಟಳು ಕಣ್ ಕೂಸೆ. ನಂಗೆ ಎರಡ್ನೇದೂ ಹೆಣ್ಣಾದಾಗ ಬಾಣ್ತನಕ್ಕೆ ಬೇಗೂರಲ್ಲೇ ಇದ್ದೆ. ನಮ್ಮವ್ವನ ಕರ್ಕಂಡು ಗುಂಡ್ಲುಪೇಟೆ ಆಸ್ಪತ್ರೆಗೆ ಓಗಿ ಆಪ್ರೇಸನ್ ಮಾಡುಸ್ಕಬುಟ್ಟೆ. ಇಲ್ಲಿ ಯಾರ್ಗೂ ಯೋಳ್ನಿಲ್ಲ. ನಮ್ಮತ್ತೆ ಇವತ್ತಿಗೂ ಗೋಪಾಲಸ್ವಾಮಿ ಕಣ್ಬುಡ್ನಿಲ್ಲ ಅನ್ಕಂಡದೆ. ಪಾಪ, ಮೊಮ್ಮಗ ಹುಟ್ಟಗಂಟ ಸೀ ಮುಟ್ಟಲ್ಲ ಅಂತ ಹರ್ಕೆ ಕಟ್ಕಂಡು ಬೆಲ್ಲಾನೇ ಬುಟ್ಟದೆ. ನಂಗೆ ದಿನಾ ಅನ್ನ ಇಕ್ಕುವಾಗ ಹೊಟ್ಟೆ ಉರೀತದೆ. ಆದ್ರೂ ಯೋಳ್ನಿಲ್ಲ. ಯೋಳಿದ್ರೆ ಇವತ್ತು ನಾನು ಇರ್ತಿರ್ನಿಲ್ಲ. ನೀನು ಎದುರ್ಕಬ್ಯಾಡ. ನಿನ್ ಮೈಯಿ, ನಿನ್ ಮಾತು ನಿನ್ ಕೈಲಿರ್ಲಿ."

ಪ್ರತಿ ಶ್ರಾವಣದಲ್ಲೂ ಅಜ್ಜಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಡುವಾಗ ಅವ್ವ ಬುತ್ತಿ ಕಟ್ಟಿಕೊಡುವುದನ್ನು ನೋಡುತ್ತಾ ಬೆಳೆದವಳು ನಾನು. ಯುಗಾದಿಗೆ ಎಲ್ಲರ ಎಲೆಗೂ ಒಬ್ಬಟ್ಟು ಬಿದ್ದು ಅಜ್ಜಿಯ ಎಲೆಗೆ ಮಾತ್ರ ಬರೀ ಅನ್ನ ಸಾರು ಬೀಳುತ್ತಿತ್ತು. "ತಿನ್ನಿ ಅತ್ತೆ, ಅವ್ನು ಕೊಡೋನಾಗಿದ್ರೆ ಇಷ್ಟೊತ್ಗೆ ಕೊಡ್ತಿದ್ದ" ಎಂದು ಅವ್ವ ಯಾಕೆ ಅಷ್ಟು ಬಲವಂತ ಮಾಡುತ್ತಿದ್ದಳು ಎಂದು ಆವತ್ತು ತಿಳಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ನಿನಗೆ ಒಂದೇ ಮಾತು ಹೇಳಿದೆ, ಇದು ನಮ್ಮ ಮೂವರಲ್ಲೇ ಸಾಯಬೇಕು ಎಂದು. ನೀನು ನನ್ನ ಅಂಗೈ ಮೇಲೆ ಕೈಯಿಟ್ಟು "ನಮ್ಮವ್ವನಾಣೆ" ಎಂದೆ. ಯಾವ ಅವ್ವನ ಆಣೆ ಎಂದು ಆಗ ಕೇಳಬೇಕಿತ್ತೇನೋ.

ರೆಕಾರ್ಡರ್ ಆಫ್ ಆಗಿದೆ ಎಂದೇ ಅಂದುಕೊಂಡಿದ್ದೆ, ಮರೆತಿದ್ದೆ ಎಂದು ನೀನು ಈಗ ಎಲ್ಲರಿಗೂ ಹೇಳುತ್ತಿದ್ದೀಯಂತೆ. ಇರಬಹುದು. ನಿನ್ನ ಕಣ್ಣು ತುಂಬಿತ್ತು, ಗುಂಡಿ ಸರಿಯಾಗಿ ಒತ್ತದೆ ಇರಬಹುದು. ಆದರೆ ಮಾರನೇ ದಿನ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆಯಲ್ಲ, ಮರೆವು ಅಲ್ಲಿಗೆ ಮುಗಿಯಿತು. ಆಮೇಲಿನದ್ದೆಲ್ಲ ನೀನು ಕಣ್ಣು ಬಿಟ್ಟುಕೊಂಡೇ ಮಾಡಿದ್ದು.

ನನಗೆ ನೀನು ಹೇಳಿದ್ದು ಶುಕ್ರವಾರ ಸೋಬಾನೆ ಪದ ಬರುತ್ತದೆ ಎಂದು. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಬೀದಿಗೆಲ್ಲ ನಾನೇ ಡಂಗುರ ಹೊಡೆದೆ. ತಂಗಿ ತನ್ನ ಫೋನಿಗೆ ಸ್ಪೀಕರ್ ಸಿಗಿಸಿ ಜಗಲಿಯ ಮೇಲಿಟ್ಟಳು. ಆವತ್ತು ಹಾಡಿಗೆ ಬಂದಿದ್ದ ಹೆಂಗಸರೇ ಮತ್ತೆ ಬಂದು ಕೂತರು. ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು, ತನಗೇನೂ ಅಂಥ ಸಂಭ್ರಮವಿಲ್ಲ ಎಂಬಂತೆ ಆರಿಸುತ್ತಿದ್ದಳು. ಹಾಡು ಬಂತು. ಅಜ್ಜಿ ತಲೆದೂಗಿತು. ಬೀಗರ ಪದಕ್ಕೆ ಎಲ್ಲರೂ ಮತ್ತೆ ನಕ್ಕರು.

ಆಮೇಲೆ ನಿನ್ನ ಧ್ವನಿ ಬಂತು. ಈ ನಗುವಿನ ಹಿಂದೆ ಒಂದು ಗುಟ್ಟಿದೆ ಎಂದೆ. ಇವರ ಹೆಸರು ಹೇಳುವುದಿಲ್ಲ, ಗೌರಮ್ಮ ಎಂದು ಕರೆಯೋಣ ಎಂದೆ. ಇಷ್ಟು ಹೊತ್ತು ಹಾಡಿದ ಕೊರಳು ಅದೇ, ಮಾತಾಡುವ ಕೊರಳೂ ಅದೇ. ಅವಳಿಗೆ ಇನ್ನೊಂದು ಹೆಸರಿಟ್ಟರೆ ಯಾರ ಕಿವಿಗೆ ಗೊತ್ತಾಗುವುದಿಲ್ಲ ಪ್ರಿಯಾಂಕ? ನಮ್ಮೂರಿನ ಯಾವ ಕಿವಿಗೆ?

"ನಮ್ಮಕ್ಕ ಗಂಡು ಗಂಡು ಅನ್ಕಂಡು" ಎಂದು ಶುರುವಾದ ಕೂಡಲೇ ನಾನು ಓಡಿಹೋಗಿ ಫೋನಿಗೆ ಕೈ ಹಾಕಿದೆ. ಅಜ್ಜಿ ನನ್ನ ರಟ್ಟೆ ಹಿಡಿಯಿತು. "ಬುಡು. ಕೇಳನ" ಎಂದಿತು. ಆ ಮುದಿಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಹಾಗೇ ಹಿಡಿದುಕೊಂಡು ಕೊನೆಯವರೆಗೂ ಕೇಳಿತು. ಬೆಟ್ಟದ ಮಾತು, ಬೆಲ್ಲದ ಮಾತು, ಎಲ್ಲವನ್ನೂ. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು, ಆದರೆ ಕಲ್ಲನ್ನೂ ಎಸೆಯುತ್ತಿಲ್ಲ, ನೆಲ್ಲನ್ನೂ ಎಸೆಯುತ್ತಿಲ್ಲ, ಸುಮ್ಮನೆ ಬೆರಳು ಆಡಿಸುತ್ತಿದ್ದಳು. ಕೊನೆಗೆ ಅವಳದೇ ಧ್ವನಿ, "ಹಾಕ್ಕಳಿ ಬುಡಿ, ಎಲ್ಲಾರೂ ಕೇಳ್ಲಿ. ನಂಗ್ಯಾಕೆ ನಾಚ್ಕೆ?" ಎಂದಿತು. ಅದರ ಹಿಂದೆ ನೀನು ಹಾಕಿದ ಕೊಳಲು.

ಹೆಂಗಸರು ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಎದ್ದುಹೋದರು. ಎಲ್ಲರೂ ಹೋದ ಮೇಲೆ ಅಜ್ಜಿ ನನ್ನ ಕೈ ಬಿಟ್ಟು ಒಳಗೆ ಹೋಯಿತು. ಅಡಿಗೆಮನೆಯ ಡಬ್ಬ ಬೀಳಿಸಿದ ಸದ್ದು ಕೇಳಿ ನಾನು ಹಿಂದೆ ಹೋದೆ. ಬೆಲ್ಲದ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿತ್ತು. ಹೊರಗೆ ಬಂದು ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಲ್ಲಿಲ್ಲದ ಬಾಯಲ್ಲಿ ಅದನ್ನು ಚೀಪಿತು. ಅಷ್ಟು ವರ್ಷದ ಮೇಲೆ ಸಿಹಿ ಬಾಯಿಗೆ ಬಿದ್ದದ್ದಕ್ಕೋ ಏನೋ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಇನ್ಯಾರ್ಗೋಸ್ಕರ ಬುಡನ ಯೋಳು ಶಿವಲಕ್ಷ್ಮಿ" ಎಂದಿತು. ಬೈಯಲಿಲ್ಲ. ಶಾಪ ಹಾಕಲಿಲ್ಲ. ಮಾರನೇ ಬೆಳಿಗ್ಗೆ ಸೀರೆ ಗಂಟು ಕಟ್ಟಿಕೊಂಡು ಗುಂಡ್ಲುಪೇಟೆಯ ಮಗಳ ಮನೆಗೆ ಹೊರಟುಬಿಟ್ಟಿತು. ಅವ್ವ ಕಾಲು ಹಿಡಿದಳು. ಅಜ್ಜಿ ಕಾಲನ್ನು ಮೆಲ್ಲಗೆ ಬಿಡಿಸಿಕೊಂಡಿತು ಅಷ್ಟೇ.

ನಮ್ಮಪ್ಪನ ವಿಷಯ ಕೇಳು. ಅಪ್ಪ ಮನೆಗೆ ಬಂದ ಮೇಲೆ ನಾವೇ ಹೇಗಾದರೂ ಹೇಳೋಣ ಎಂದು ಅಂದುಕೊಂಡಿದ್ದೆವು. ಅಷ್ಟು ಅವಕಾಶವನ್ನೂ ನೀನು ಉಳಿಸಿರಲಿಲ್ಲ. ಅವರು ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಎಂದು ನಿನಗೆ ಗೊತ್ತು. ಎಷ್ಟೋ ಸಲ ಅವರ ಬಸ್ಸಿನಲ್ಲೇ ನಾವು ತೆರಕಣಾಂಬಿಗೆ ಹೋಗಿದ್ದೇವೆ. ಆ ಹೊತ್ತಿಗೆ ಚಾಮರಾಜನಗರದ ನಿಲ್ದಾಣದಲ್ಲಿ ಬಸ್ಸು ಹೊರಡಲು ನಿಂತಿತ್ತಂತೆ. ಡ್ರೈವರ್ ಕೊರಳು ಹಾಕಿದ್ದರಂತೆ. ಅವ್ವನ ಹಾಡು ಕೇಳುತ್ತಿದ್ದಂತೆ ಅಪ್ಪ ಟಿಕೆಟ್ ಕೊಡುವುದನ್ನು ನಿಲ್ಲಿಸಿ, ಸ್ವಲ್ಪ ಜೋರಾಗಿ ಇಡಪ್ಪ ಎಂದರಂತೆ. ಪಕ್ಕದ ಸೀಟಿನವರಿಗೆ "ನಮ್ಮನೆಯವ್ಳು ಕಣಪ್ಪ" ಎಂದು ತೋರಿಸಿಕೊಂಡರಂತೆ. ಬಸ್ಸು ತುಂಬ ಜನ. ಆಮೇಲೆ ಗೌರಮ್ಮನ ಗುಟ್ಟು. ಡ್ರೈವರ್ ಆರಿಸಲು ಹೋದರೆ ಒಂದಿಬ್ಬರು, ಇರಲಿ ಬಿಡಿ ಸಾರ್, ಕೇಳೋಣ ಎಂದರಂತೆ. ಇದನ್ನೆಲ್ಲ ಡ್ರೈವರೇ ಆಮೇಲೆ ನನಗೆ ಹೇಳಿದ್ದು. ಅಪ್ಪ ಯಾವತ್ತೂ ಹೇಳಲಿಲ್ಲ. ನಿಮ್ಮಪ್ಪ ಮಹಾಲಿಂಗಣ್ಣ ಆ ಟ್ರಿಪ್ಪಿನಲ್ಲಿ ಯಾರ ಮುಖವನ್ನೂ ನೋಡದೆ ಟಿಕೆಟ್ ಹರಿದರು ಕಣಮ್ಮ ಎಂದರು.

ವಾರವೆಲ್ಲ ಅಪ್ಪ ಡಿಪೋದಲ್ಲೇ ಮಲಗಿದರು. ಅವ್ವ ದಿನಾ ಅವರ ಪಾಲಿನ ಅಡಿಗೆ ಮಾಡಿ ಮುಚ್ಚಿಡುತ್ತಿದ್ದಳು. ಒಂದು ಬೆಳಿಗ್ಗೆ ಬಂದರು. ಚೀಲ ಮೊಳೆಗೆ ತಗಲಿಸಿ, ಜಗಲಿಯ ಮೇಲೆ ಕೂತು, ಬೀದಿಯ ಕಡೆ ನೋಡುತ್ತಾ "ನಂಗ್ ಒಂದ್ ಮಾತು ಯೋಳ್ಬೋದಿತ್ತಲ್ಲ" ಎಂದರು.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಯೋಳಿದ್ರೆ ಬುಡ್ತಿದ್ರಾ?" ಎಂದಳು.

ಅಪ್ಪ ಏನಾದರೂ ಒಂದು ಸುಳ್ಳು ಹೇಳಿಬಿಡಲಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. "ಇಲ್ಲ ಕಣೆ. ಬುಡ್ತಿರ್ಲಿಲ್ಲ" ಎಂದರು. ಎದ್ದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಅಷ್ಟರಲ್ಲಿ ಅವರಿಬ್ಬರ ನಡುವೆ ಏನೋ ಒಂದು ಸರಿಹೋಯಿತು, ಏನೋ ಒಂದು ಸರಿಹೋಗದೆಯೂ ಉಳಿಯಿತು. ಈಗಲೂ ಬೇಕಾದಷ್ಟೇ ಮಾತಾಡುತ್ತಾರೆ. ಬಸ್ಸಿನಲ್ಲಿ ಯಾರೋ "ಗೌರಮ್ಮನ ಯಜಮಾನ್ರು" ಎಂದು ಹಿಂದಿನಿಂದ ಕೂಗಿದರೆಂದು ಬೇರೆ ರೂಟು ಕೇಳಿ ಹಾಕಿಸಿಕೊಂಡಿದ್ದಾರೆ.

ನಿನ್ನ ಮೇಲೆ ಸಿಟ್ಟು ಬಂದದ್ದು ಇಷ್ಟಕ್ಕೇ ಆಗಿದ್ದರೆ ಇವತ್ತಲ್ಲ ನಾಳೆ ಇಳಿಯುತ್ತಿತ್ತು. ಇಳಿಯದೆ ಉಳಿದದ್ದು ಬೇರೆ.

ಅಪ್ಪ ಬಂದು ಎರಡು ದಿನವಾಗಿತ್ತು. ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಇದ್ದಕ್ಕಿದ್ದಂತೆ ನನ್ನನ್ನು ಕೇಳಿದಳು: "ನಾನ್ ಅಂಗಂದ್ನಾ ಭಾನು? ಹಾಕ್ಕಳಿ ಬುಡಿ ಅಂತ ಅದ್ಕೂ ಅಂದ್ನಾ?" ಅಂದಿಲ್ಲ ಎಂದೆ. "ರೇಡಿಯೋದಲ್ಲಿ ಬಂತಲ್ಲ, ನಂದೇ ಗಂಟ್ಲು. ಅಂದಿರ್ಬೋದೇನೋ. ಆ ಕೂಸು ಅಳ್ತಿತ್ತಲ್ಲ, ಬಾಯ್ತಪ್ಪಿ ಅಂದ್ಬುಟ್ನೇನೋ" ಎಂದಳು. ತನ್ನ ನೆನಪನ್ನೇ ನಂಬದ ಹಾಗೆ ಆಗಿಹೋಗಿದ್ದಳು. ಒಗೆಯುವಾಗ, ಉಣ್ಣುವಾಗ, ಅದೇ ಯೋಚನೆ. ಅಂದೆನಾ, ಅಂದಿಲ್ಲವಾ.

ನಾನು ಆ ಕಾರ್ಯಕ್ರಮವನ್ನು ಆವರೆಗೆ ಮತ್ತೆ ಕೇಳಿರಲಿಲ್ಲ. ಅವತ್ತು ಕೇಂದ್ರದವರು ನೆಟ್‌ನಲ್ಲಿ ಹಾಕಿದ್ದನ್ನು ತೆಗೆದು, ಇಯರ್‌ಫೋನ್ ಹಾಕಿಕೊಂಡು ಕೊನೆಯ ಭಾಗವನ್ನು ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಕೊಳಲಿನ ಕೆಳಗೆ, "ಎಲ್ಲಾರೂ ಕೇಳ್ಲಿ" ಎನ್ನುವಲ್ಲಿ, ಸಣ್ಣಗೆ ಕರುವಿನ ಗಂಟೆ ಇದೆ ಪ್ರಿಯಾಂಕ. ಅಡಿಗೆಮನೆಯಲ್ಲಿ ಕರು ಎಲ್ಲಿಂದ ಬಂತು? ಬೀಗರ ಪದಕ್ಕೆ ಕೊಟ್ಟ ಒಪ್ಪಿಗೆಯನ್ನು ತೆಗೆದು ಅವಳ ಗುಟ್ಟಿನ ಬಾಲಕ್ಕೆ ಅಂಟಿಸಿದ್ದೀಯ. ನಗೆಯನ್ನು ಕತ್ತರಿಸಿದ್ದೀಯ, ಉಸಿರನ್ನು ಬಿಟ್ಟಿದ್ದೀಯ, ಸರ್ ಕಲಿಸಿದ ಹಾಗೆಯೇ. ಗಂಟೆ ಕೇಳಬಾರದ ಜಾಗದಲ್ಲಿ ಕೊಳಲು ಇಟ್ಟಿದ್ದೀಯ.

ನಾನು ಅದೇ ಮಧ್ಯಾಹ್ನ ಅವ್ವನಿಗೂ ಹೇಳದೆ ಕೇಂದ್ರಕ್ಕೆ ಬಂದೆ. ನಿನ್ನ ಕುತ್ತಿಗೆಯಲ್ಲಿ ಹೊಸ ಐಡಿ ಕಾರ್ಡಿತ್ತು. ಆ ಒಂದು ಕಾರ್ಯಕ್ರಮಕ್ಕೇ ಪರೀಕ್ಷೆಗೂ ಕಾಯದೆ ನಿನ್ನನ್ನು ಕೆಲಸಕ್ಕೆ ತೆಗೆದುಕೊಂಡರು ಎಂದು ಆಮೇಲೆ ತಿಳಿಯಿತು. ಒರಿಜಿನಲ್ ರೆಕಾರ್ಡಿಂಗ್ ತೆಗೆ, ಒಟ್ಟಿಗೆ ಕೇಳೋಣ ಎಂದೆ. ನೀನು, ಜಾಗ ಇರಲಿಲ್ಲ ಅಂತ ಡಿಲೀಟ್ ಮಾಡಿದೆ ಎಂದೆ. ನನ್ನ ಕಣ್ಣನ್ನು ನೋಡಲಿಲ್ಲ. ಆಮೇಲೆ, "ಎಷ್ಟು ಜನ ಹೆಂಗಸ್ರು ಫೋನ್ ಮಾಡಿದ್ರು ಗೊತ್ತಾ ಭಾನು? ನಿಮ್ಮವ್ವನಿಂದ ನಮಗೂ ಧೈರ್ಯ ಬಂತು ಅಂತ ಅತ್ತರು" ಎಂದೆ. ಅದು ನಿಜವೇ ಇರಬಹುದು. ಅವರಿಗೆಲ್ಲ ಧೈರ್ಯ ಬರುವುದಾದರೆ ಬರಲಿ. ಆದರೆ ಅವ್ವನನ್ನು ಒಂದು ಮಾತು ಕೇಳಿದ್ದರೆ ಅವಳೇ ಹೂಂ ಎನ್ನುತ್ತಿದ್ದಳೋ ಏನೋ. ಕೇಳಿದರೆ ಬೇಡ ಎನ್ನುತ್ತಾಳೆ ಎಂಬ ಭಯಕ್ಕೇ ತಾನೇ ನೀನು ಕೇಳದೆ ಉತ್ತರವನ್ನು ಮಾಡಿಕೊಂಡದ್ದು?

ಮಲ್ಲೇಶ್ ಸರ್‌ಗೆ ದೂರು ಕೊಟ್ಟವಳು ನಾನೇ. ನಿನ್ನ ಬೆನ್ನ ಹಿಂದೆ ಮಾಡಲಿಲ್ಲ, ನೀನು ಅಲ್ಲೇ ನಿಂತಿದ್ದೆ. ಅವರು ಕಾರ್ಯಕ್ರಮವನ್ನು ಹಾಕಿ ಕೇಳಿದರು. ಗಂಟೆ ಇರುವ ಹಾಗಿದೆ, ಇಲ್ಲದ ಹಾಗೂ ಇದೆ, ಒರಿಜಿನಲ್ ಇಲ್ಲದೆ ನಾನು ಏನು ಹೇಳಲಿ ಎಂದರು. ಕೊನೆಗೆ, ನಿಮ್ಮ ತಾಯಿಯನ್ನೇ ಕೇಳುತ್ತೇನೆ, ಅವರು ಒಪ್ಪಿಲ್ಲ ಎಂದರೆ ಈ ಹುಡುಗಿಯನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ನಾನು ಅಲ್ಲಿಂದ ನೇರ ಕಾಲೇಜಿಗೆ ಹೋಗಿ ಮೇಡಂ ಕೈಕಾಲು ಹಿಡಿದು, ಉಳಿದ ವಾರಗಳನ್ನು ಗುಂಡ್ಲುಪೇಟೆಯ ವಕೀಲರ ಆಫೀಸಿಗೆ ಬರೆಸಿಕೊಂಡೆ. ಈಗ ಅತ್ತೆಯ ಮನೆಯಲ್ಲಿದ್ದೇನೆ. ಅಜ್ಜಿ ನನ್ನ ಪಕ್ಕದಲ್ಲೇ ಮಲಗುತ್ತದೆ. ನನ್ನ ತಲೆ ಸವರುತ್ತದೆ, ಸೊಸೆಯ ಹೆಸರು ಮಾತ್ರ ಎತ್ತುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನೀನು ಹೇಳಿಕೊಟ್ಟ ಮಾತನ್ನು ನಾನು ಅವ್ವನ ಬಾಯಿಗೆ ಇಡುವುದಿಲ್ಲ. ನಿನ್ನ ಮದುವೆಯ ಕಷ್ಟ ನನಗೆ ಗೊತ್ತು. ಇನ್ಯಾರದೋ ಅವ್ವನಾಗಿದ್ದರೆ ನಾನು ನಿನ್ನ ಪರವಾಗಿಯೇ ವಾದ ಮಾಡುತ್ತಿದ್ದೆನೇನೋ, ನೀನು ಅಷ್ಟು ಹತ್ತಿರದವಳಾಗಿದ್ದೆ. ಆದರೆ ಅವಳ ಬಾಯಿಂದ ಒಂದು ಸಲ ಹೇಳಿಸಿದ್ದೀಯಲ್ಲ, ಎರಡನೇ ಸಲವೂ ಹೇಳಿಸು ಎಂದು ನನ್ನನ್ನೇ ಕೇಳುವ ಧೈರ್ಯ ನಿನಗೆ ಹೇಗೆ ಬಂತು? ಇನ್ನು ಮುಂದೆ ತಂಗಿಯ ಫೋನಿಗೂ ಏನೂ ಕಳಿಸಬೇಡ. ಬೇಗೂರಿನಿಂದ ಯಾರಾದರೂ ಮದುವೆ ಕರೆಯೋಲೆ ತಂದರೆ ಅವ್ವ ನೀನು ಹೇಗಿದ್ದೀಯ ಎಂದು ವಿಚಾರಿಸಬಹುದು. ನಾನು ವಿಚಾರಿಸುವುದಿಲ್ಲ.

ನಿನ್ನ ಜೊತೆ ಕೈಯೆತ್ತಿದವಳು,
ಭಾನು

ತಾ.ಕ.: ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡದ್ದು. ಮಲ್ಲೇಶ್ ಸರ್ ನಿನ್ನೆಯೇ ಉಡಿಗಾಲಕ್ಕೆ ಬಂದಿದ್ದರು. ನಾನೂ ಹೋಗಿದ್ದೆ. ಗುರುವಾರ ಕೇಂದ್ರದಲ್ಲಿ ನಡೆಯುವ ಸಭೆಯವರೆಗೆ ನಿನಗೆ ಹೇಳುವುದಿಲ್ಲ ಎಂದಿದ್ದಾರೆ. ಅಲ್ಲಿಯವರೆಗೆ ನಿನಗೂ ನಿದ್ದೆ ಕೆಡಲಿ ಎಂದು ಈ ಕಾಗದವನ್ನು ಬರೆಯದೇ ಇರಬೇಕೆಂದಿದ್ದೆ, ಆಗಲಿಲ್ಲ. ನಿನ್ನ ಕೆಲಸ ಉಳಿಯಿತು. ಸರ್ ಕೇಳಿದ್ದಕ್ಕೆ ಅವ್ವ ತಲೆಯೆತ್ತಿ, "ಊ ಸಾ, ನಾನೇ ಹಾಕ್ಕಳಿ ಅಂದೆ" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಸರ್ ನನ್ನ ಮುಖ ನೋಡಿದರು, ಸುಳ್ಳು ದೂರು ಕೊಟ್ಟವಳನ್ನು ನೋಡುವ ಹಾಗೆ.

ಅವರು ಹೋದ ಮೇಲೆ, ಯಾಕವ್ವ ಹಾಗಂದೆ ಎಂದು ಜಗಳವಾಡಿದೆ. "ಇಲ್ಲ ಅಂದ್ರೆ ಕದಿಸ್ಕಂಡೋಳು ಅನ್ನುಸ್ಕತೀನಿ. ಊ ಅಂದ್ರೆ ಯೋಳ್ದೋಳು ಅನ್ನುಸ್ಕತೀನಿ. ಎಂಗೂ ಊರೆಲ್ಲ ಕೇಳ್ಬುಡ್ತು. ಯೋಳ್ದೋಳು ಅನ್ನುಸ್ಕಳದೇ ವಾಸಿ" ಎಂದಳು. ನನ್ನನ್ನಾದರೂ ಒಂದು ಮಾತು ಕೇಳಿ ಹೇಳಬಹುದಿತ್ತಲ್ಲ ಎಂದೆ. ಅವ್ವ ಒಲೆಯ ಬೆಂಕಿ ಮುಂದಕ್ಕೆ ತಳ್ಳುತ್ತಾ, "ನೀವು ನನ್ನ ಕೇಳುದ್ರಾ?" ಎಂದಳು.

ಅಡಿಗೆಮನೆಯಲ್ಲಿ ನಾನೊಬ್ಬಳೇ ಇದ್ದೆ, ಪ್ರಿಯಾಂಕ. ಹುಟ್ಟಿದಾಗಿನಿಂದ ಅವ್ವ ನನ್ನನ್ನು ನೀವು ಎಂದವಳಲ್ಲ. ನಿನ್ನನ್ನೂ ನನ್ನನ್ನೂ ಸೇರಿಸಿ ಕೇಳಿದ್ದಳು.